ಕಾಗದದ ಬಲಗಡೆ ಯಾರ ಮಾತು? ವಿಮಾನ ವರ್ಕ್‌ಶಾಪ್‌ಗಳ ಪರಸ್ಪರ ಮಾನ್ಯತೆ, ಕಲಬುರಗಿಯ ಹ್ಯಾಂಗರ್‌ನಿಂದ ನೋಡಿದಾಗ

ಮ್ಯಾಗ್ನೆಟೊ ಅಂದರೆ ಎಂಜಿನ್‌ನ ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಕೊಡುವ ಸಾಧನ, ಎರಡು ಮುಷ್ಟಿ ಸೇರಿಸಿದಷ್ಟು ಗಾತ್ರದ್ದು. ಸೆಸ್ನಾ 172 ತರಹದ ತರಬೇತಿ ವಿಮಾನದಲ್ಲಿ ಒಂದು ಎಂಜಿನ್‌ಗೆ ಎರಡು ಇರುತ್ತವೆ. 500 ತಾಸಿಗೊಮ್ಮೆ ಬಿಚ್ಚಿ ನೋಡಬೇಕು. ಅಮೆರಿಕದಲ್ಲಿ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸಜ್ಜುಮಾಡುವ ಕೆಲಸ ಆಗಿ ಬಂದ ಒಂದು ಮ್ಯಾಗ್ನೆಟೊ ಕಲಬುರಗಿಯ ಹ್ಯಾಂಗರ್ ಸ್ಟೋರಿನ ಮೇಜಿನ ಮೇಲಿದೆ ಅಂದುಕೊಳ್ಳಿ. ಪ್ಯಾಕಿಂಗ್ ಸರಿಯಿದೆ, ಸೀಲ್ ಸರಿಯಿದೆ, ಕೊರಿಯರ್ ಖರ್ಚು, ತೆರಿಗೆ ಎಲ್ಲ ಕಟ್ಟಿಯಾಗಿದೆ. ವಿಮಾನ ಹೊರಗೆ ಬಿಸಿಲಲ್ಲಿ ನಿಂತಿದೆ. ಇಷ್ಟಾದರೂ ಅದು ಎಂಜಿನ್‌ಗೆ ಹೋಗುತ್ತದೋ, ಕೆಂಪು ಟ್ಯಾಗ್ ಹಚ್ಚಿಸಿಕೊಂಡು ಬೀಗದ ರ್ಯಾಕ್‌ಗೆ ಹೋಗುತ್ತದೋ ಅನ್ನುವುದು ಜೊತೆಗೆ ಬಂದ ಒಂದೇ ಒಂದು ಹಾಳೆಯ ಮೇಲೆ ನಿಂತಿದೆ.

ಆ ಹಾಳೆಯ ಬೆನ್ನಿಗಿರುವ ಏರ್ಪಾಡಿಗೆ ಪರಸ್ಪರ ಮಾನ್ಯತೆ ಅನ್ನುತ್ತಾರೆ. ಒಂದು ದೇಶದ ವಿಮಾನಯಾನ ನಿಯಂತ್ರಕ ಪರೀಕ್ಷಿಸಿ ಒಪ್ಪಿದ ರಿಪೇರಿ ವರ್ಕ್‌ಶಾಪನ್ನು ಇನ್ನೊಂದು ದೇಶದ ನಿಯಂತ್ರಕ ತಾನೇ ಬಂದು ಮತ್ತೊಮ್ಮೆ ಆಡಿಟ್ ಮಾಡದೆ ಒಪ್ಪಿಕೊಳ್ಳುವುದು. ವರ್ಕ್‌ಶಾಪ್‌ನವರು ಇದಕ್ಕೆ ಅರ್ಜಿ ಹಾಕುತ್ತಾರೆ, ಶುಲ್ಕ ಕಟ್ಟುತ್ತಾರೆ, ವಾಯಿದೆ ಮುಗಿದಾಗ ನವೀಕರಿಸುತ್ತಾರೆ. ಹಾಗಾದರೆ ದುಡ್ಡು ಕೊಟ್ಟು ಪಡೆಯುವ ಬೇರೆ ಸೇವೆಗಳ ಹಾಗೆ ಇದನ್ನೂ ತೂಗಿ ನೋಡಬೇಕಲ್ಲ: ಎಷ್ಟು ಆಡಿಟ್ ಉಳಿಯಿತು, ಕಾಗದ ಎಲ್ಲೆಲ್ಲಿ ನಡೆಯುತ್ತದೆ, ಸಾಮಾನು ತೆಗೆದುಕೊಳ್ಳುವವರ ಮೇಜಿನ ಮೇಲೆ ಎಷ್ಟು ಗೊಂದಲ ಬೀಳುತ್ತದೆ. ನಮ್ಮ ಲೆಕ್ಕದಲ್ಲಿ ಅಮೆರಿಕ–ಕೆನಡಾ ಏರ್ಪಾಡಿಗೆ ಐದಕ್ಕೆ ಐದು ಅಂಕ, ಅಮೆರಿಕ–ಯುರೋಪ್ ಏರ್ಪಾಡಿಗೆ ನಾಲ್ಕು, ಬ್ರಿಟನ್–ಯುರೋಪ್‌ಗೆ ಒಂದು. ನಮ್ಮ ದೇಶದ ಮಾತು ಮುಂದೆ ಬರುತ್ತದೆ.

ಇದು ಬೇಕಾದದ್ದು ಯಾಕೆ ಅನ್ನುವುದರ ಬೇರು 1944ರ ಷಿಕಾಗೊ ಒಡಂಬಡಿಕೆಯಲ್ಲಿದೆ. ಅದರ 33ನೇ ವಿಧಿಯ ಪ್ರಕಾರ ಒಂದು ದೇಶ ಕೊಟ್ಟ ವಿಮಾನದ ಹಾರಾಟ ಯೋಗ್ಯತಾ ಪ್ರಮಾಣಪತ್ರವನ್ನೂ ಸಿಬ್ಬಂದಿಯ ಲೈಸೆನ್ಸನ್ನೂ ಉಳಿದ ಸದಸ್ಯ ದೇಶಗಳು ಒಪ್ಪಬೇಕು. ಕನಿಷ್ಠ ಅಂತರರಾಷ್ಟ್ರೀಯ ಮಟ್ಟ ಪಾಲಿಸಿರಬೇಕು, ಅಷ್ಟೆ. ಕೆಎ-32 ನಂಬರಿನ ಟೆಂಪೊ ಜಹೀರಾಬಾದ್ ದಾಟಿದರೆ ತೆಲಂಗಾಣದವರು ಹೊಸ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುವುದಿಲ್ಲ, ಹಾಗೆ. ಆದರೆ ಆ ವಿಧಿಯಲ್ಲಿ ರಿಪೇರಿ ವರ್ಕ್‌ಶಾಪಿನ ಹೆಸರೇ ಇಲ್ಲ. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ನಿಯಂತ್ರಕ ಒಪ್ಪಿದ ವರ್ಕ್‌ಶಾಪೇ ಅದನ್ನು ಮುಟ್ಟಬೇಕು. ಆದ್ದರಿಂದ ನಾಲ್ಕು ದೇಶದ ಗಿರಾಕಿ ಇರುವ ಹ್ಯಾಂಗರ್‌ಗೆ ನಾಲ್ಕು ಕಡೆಯಿಂದ ಆಡಿಟರ್‌ಗಳು ಬರುತ್ತಾರೆ, ಅದೇ ಟಾರ್ಕ್ ರೆಂಚಿನ ಮೇಲಿನ ಅದೇ ಕ್ಯಾಲಿಬ್ರೇಶನ್ ಸ್ಟಿಕರ್ ನೋಡುತ್ತಾರೆ. ಕಲಬುರಗಿ ಎಪಿಎಂಸಿಯಲ್ಲಿ ತೂಕ ಹಾಕಿ ದರ್ಜೆ ನೋಡಿದ ತೊಗರಿ ಚೀಲವನ್ನು ಇನ್ನೊಂದು ಮಾರುಕಟ್ಟೆಯಲ್ಲಿ ಬಿಚ್ಚಿ ಮತ್ತೆ ತೂಗಿದ ಹಾಗೆ. ಕಾಳು ಅದೇ, ಹಮಾಲಿ ಮಾತ್ರ ಎರಡು ಸಲ.

ಅಮೆರಿಕ–ಯುರೋಪ್ ಒಪ್ಪಂದ ಈ ಎರಡನೇ ಹಮಾಲಿಯನ್ನು ತೆಗೆದುಹಾಕಿದ ದೊಡ್ಡ ಉದಾಹರಣೆ. 2008ರ ಜೂನ್ 30ರಂದು ಸಹಿಯಾಗಿ 2011ರ ಮೇ 1ರಿಂದ ಜಾರಿಗೆ ಬಂತು. ಅದರ ಎರಡನೇ ಅನುಬಂಧ ಪೂರ್ತಿ ಮೇಂಟೆನೆನ್ಸ್‌ಗೆ ಮೀಸಲು. ಅಮೆರಿಕದ ರಿಪೇರಿ ಸ್ಟೇಷನ್‌ಗೆ ಯುರೋಪಿನ ನಿಯಂತ್ರಕ ಇಯಾಸಾದ ಮಾನ್ಯತೆ ಬೇಕಾದರೆ ಅದು ಅಮೆರಿಕದ ನಿಯಂತ್ರಕ ಎಫ್‌ಎಎಯ ತನ್ನದೇ ಊರಿನ ಕಚೇರಿಗೆ ಅರ್ಜಿ ಕೊಡುತ್ತದೆ. ತನ್ನ ಕೈಪಿಡಿಗೆ ಒಂದು ಇಯಾಸಾ ಪೂರಕ ಭಾಗ ಸೇರಿಸುತ್ತದೆ. ಎಫ್‌ಎಎ ಇನ್‌ಸ್ಪೆಕ್ಟರ್ ಪರಿಶೀಲಿಸಿ ಶಿಫಾರಸು ಮಾಡುತ್ತಾರೆ, ಇಯಾಸಾ ಪ್ರಮಾಣಪತ್ರ ಕೊಡುತ್ತದೆ. ಯುರೋಪಿನ ವರ್ಕ್‌ಶಾಪ್ ಇದನ್ನೇ ತಿರುಗಿಸಿ ಮಾಡುತ್ತದೆ. ಅದರ ಕೈಪಿಡಿ, ಅಂದರೆ ಎಂಒಇಯ ಏಳನೇ ಭಾಗ ಎಫ್‌ಎಎ ಪೂರಕಕ್ಕೆ ಮೀಸಲು, ಎಂಟನೆಯದು ಕೆನಡಾ ಪೂರಕಕ್ಕೆ.

ಈ ಪೂರಕ ಭಾಗವೇ ಇಡೀ ಏರ್ಪಾಡಿನ ಜೀವಾಳ. ಎರಡು ಕಾನೂನು ಶೇಕಡಾ ನೂರು ಒಂದೇ ಅಲ್ಲ ಎಂದು ಒಪ್ಪಿಕೊಂಡು, ಎಲ್ಲಿ ಬೇರೆಯೋ ಅಷ್ಟನ್ನು ಮಾತ್ರ ಬರೆದು ಪಾಲಿಸು ಅನ್ನುವ ದಾರಿ ಅದು. ಗಂಭೀರ ದೋಷ ಕಂಡರೆ ಇಯಾಸಾಗೆ 72 ತಾಸಿನೊಳಗೆ ವರದಿ ಹೋಗಬೇಕು, ಎಫ್‌ಎಎಗೆ 96 ತಾಸು ಸಮಯವಿದೆ. ಹೊರಗೆ ಕೊಟ್ಟು ಮಾಡಿಸುವ ಕೆಲಸಗಳ ಪಟ್ಟಿಗೆ ಎಫ್‌ಎಎ ಒಪ್ಪಿಗೆ ಬೇಕು. ಅಪಾಯಕಾರಿ ಸರಕು ಸಾಗಣೆಯ ತರಬೇತಿ, ಅಮೆರಿಕದ ಏರ್‌ಲೈನ್‌ಗೆ ಕೆಲಸ ಮಾಡುವಾಗ ಕಡ್ಡಾಯ ಎರಡನೇ ಕಣ್ಣಿನ ತಪಾಸಣೆ, ದೊಡ್ಡ ರಿಪೇರಿಗೆ ಯಾರು ಒಪ್ಪಿದ ಡೇಟಾ ಬಳಸಬೇಕು ಅನ್ನುವುದು, ಇವೆಲ್ಲ ಪೂರಕದಲ್ಲಿ ಬರುತ್ತವೆ. ಪೂರಕವನ್ನು ಬೇರೆಯವರದ್ದರಿಂದ ನಕಲು ಮಾಡಿ ಹೆಸರು ಬದಲಿಸಿದ ವರ್ಕ್‌ಶಾಪ್‌ಗಳು ಸಿಕ್ಕಿಬೀಳುವುದು ಇಲ್ಲೇ. ಕೈಪಿಡಿಯಲ್ಲಿ 96 ತಾಸು ಎಂದಿರುತ್ತದೆ. ವರದಿ ಕಳಿಸುವ ಜವಾಬ್ದಾರಿ ಯಾರದ್ದು ಅಂತ ಶಾಪ್ ಫ್ಲೋರ್‌ನಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ.

ನಾಲ್ಕೇ ಅಂಕ ಕೊಟ್ಟದ್ದಕ್ಕೆ ಕಾರಣ ಎರಡು. ಮೊದಲನೆಯದು ನೆಲದ ಮಿತಿ. ಒಪ್ಪಂದದ ಪಟ್ಟಿಯಲ್ಲಿರುವ ದೇಶಗಳ ನೆಲದ ಮೇಲಿನ ವರ್ಕ್‌ಶಾಪ್‌ಗೆ ಮಾತ್ರ ಈ ಕೊಡೆಯ ನೆರಳು. ಯುರೋಪಿನ ಕಂಪನಿಯೊಂದು ಏಷ್ಯಾದಲ್ಲಿ ಲೈನ್ ಸ್ಟೇಷನ್ (ಹಾರಾಟಗಳ ನಡುವೆ ಸಣ್ಣಪುಟ್ಟ ಕೆಲಸ ಮಾಡುವ ತಾಣ) ಇಟ್ಟಿದ್ದರೆ ಅದು ಹೊರಗೇ ಉಳಿಯುತ್ತದೆ. ಮುಖ್ಯ ಕಚೇರಿಗೆ ಮಾನ್ಯತೆ ಇದೆ, ಹಾಗಾಗಿ ಇಲ್ಲೂ ಇದೆ ಎಂದು ನಂಬಿ ಕೆಲಸ ಕೊಟ್ಟವರಿಗೆ ಆ ರಿಲೀಸ್, ಅಂದರೆ ಸಾಮಾನು ಸೇವೆಗೆ ಸಿದ್ಧ ಎಂಬ ಬಿಡುಗಡೆ ಕಾಗದ, ಕೈಕೊಡುತ್ತದೆ. ಎರಡನೆಯದು ಹೆಚ್ಚು ನೋವಿನದು: ವರ್ಕ್‌ಶಾಪ್‌ಗೆ ಎರಡೂ ಮಾನ್ಯತೆ ಇದ್ದ ಮಾತ್ರಕ್ಕೆ ಅದು ಬರೆದ ಪ್ರತಿ ಕಾಗದವೂ ಎರಡೂ ಕಡೆ ನಡೆಯುವುದಿಲ್ಲ. ಆಯಾ ಕೆಲಸಕ್ಕೆ, ಆಯಾ ಹಾಳೆಯ ಮೇಲೆ, ಆ ಮಾತನ್ನು ಬರೆದಿರಲೇಬೇಕು.

ಆ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ಅಮೆರಿಕದಲ್ಲಿ ಅದರ ಹೆಸರು 8130-3, ಯುರೋಪಿನಲ್ಲಿ ಇಯಾಸಾ ಫಾರ್ಮ್ 1, ನಮ್ಮಲ್ಲಿ ಸಿಎ ಫಾರ್ಮ್ 1. ಅಡ್ಡವಾಗಿ ಮುದ್ರಿಸಿದ ಒಂದು ಹಾಳೆ, ಚೌಕಗಳ ಸಂಖ್ಯೆ ಎಲ್ಲರದ್ದೂ ಒಂದೇ. 1ರಲ್ಲಿ ನಿಯಂತ್ರಕನ ಹೆಸರು, 3ರಲ್ಲಿ ಫಾರ್ಮಿನ ನಂಬರು, 4ರಲ್ಲಿ ವರ್ಕ್‌ಶಾಪಿನ ಹೆಸರು ವಿಳಾಸ, 7ರಿಂದ 10ರ ತನಕ ಸಾಮಾನಿನ ವಿವರ, ಪಾರ್ಟ್ ನಂಬರು, ಎಷ್ಟು, ಸೀರಿಯಲ್ ನಂಬರು. 11ರಲ್ಲಿ ಒಂದೇ ಪದ: ಓವರ್‌ಹಾಲ್, ರಿಪೇರಿ, ತಪಾಸಣೆ ಅಥವಾ ಮಾರ್ಪಾಡು. 12 ದೊಡ್ಡ ಚೌಕ, ಷರಾ ಬರೆಯುವುದಕ್ಕೆ. ಅದರ ಕೆಳಗೆ ಹಾಳೆ ಎರಡು ಪಾಲಾಗುತ್ತದೆ. ಎಡಗಡೆ 13, ಬಲಗಡೆ 14.

ಎಡಗಡೆ ಹೊಸ ಸಾಮಾನಿಗೆ. ಕಾರ್ಖಾನೆಯಿಂದ ಬಂದದ್ದು, ಒಪ್ಪಿದ ವಿನ್ಯಾಸದ ಪ್ರಕಾರವೇ ತಯಾರಾಗಿದೆ ಎಂದು ಅಲ್ಲಿ ಸಹಿ ಬೀಳುತ್ತದೆ. ಬಲಗಡೆ ಬಳಸಿ ರಿಪೇರಿಯಾದ ಸಾಮಾನಿಗೆ. ಒಂದು ಸಾಮಾನಿಗೆ ಒಂದೇ ಕಡೆ ಸಹಿ ಇರಬೇಕು, ಇನ್ನೊಂದು ಕಡೆ ಖಾಲಿ. ಬಲಗಡೆಯ 14ಎಯಲ್ಲಿ ಎರಡು ಸಣ್ಣ ಚೌಕ ಇರುತ್ತವೆ. ಮೊದಲನೆಯದಕ್ಕೆ ಟಿಕ್ ಹಾಕಿದರೆ ಹಾಳೆ ಕೊಟ್ಟ ದೇಶದ ಸ್ವಂತ ನಿಯಮದ ಪ್ರಕಾರ ಬಿಡುಗಡೆ. ಎರಡನೆಯದು '12ರಲ್ಲಿ ಹೇಳಿದ ಇತರ ನಿಯಮ'. ಎರಡಕ್ಕೂ ಟಿಕ್ ಇದ್ದು, 12ರಲ್ಲಿ ಇನ್ನೊಂದು ನಿಯಂತ್ರಕನ ನಿಯಮ ಯಾವುದು, ಅವರು ಕೊಟ್ಟ ಮಾನ್ಯತೆಯ ನಂಬರು ಏನು, ಈ ಕೆಲಸದ ಮಟ್ಟಿಗೆ ಸಾಮಾನು ಆ ನಿಯಮದ ಪ್ರಕಾರವೂ ಸೇವೆಗೆ ಸಿದ್ಧ ಎಂಬ ಪೂರ್ತಿ ವಾಕ್ಯ ಇದ್ದರೆ ಅದಕ್ಕೆ ಡ್ಯುಯಲ್ ರಿಲೀಸ್ ಅನ್ನುತ್ತಾರೆ. ಅಷ್ಟೂ ಒಪ್ಪಂದ, ಅಷ್ಟೂ ಆಡಿಟ್, ಅಷ್ಟೂ ಶುಲ್ಕ ಕೊನೆಗೆ ಬಂದು ನಿಲ್ಲುವುದು ಆ ಒಂದು ಟಿಕ್ ಮತ್ತು ಆ ಒಂದು ವಾಕ್ಯದಲ್ಲಿ. ಸ್ಟೋರಿನ ಹುಡುಗನಿಗೂ ಅವನ ಸಾಹೇಬರಿಗೂ ನಡೆಯುವ ಮಾತು ಹೀಗಿರುತ್ತದೆ:

"ಸಾಹೇಬ್ರ, ಟಿಕ್ಕೇನೋ ಎರಡೂ ಅದಾವ್ರಿ. ಹನ್ನೆರಡರಾಗ ಮಾತೇ ಇಲ್ರಿ."

"ನಂಬರರ ಅದನ?"

"ನಂಬರ್ ಭೀ ಇಲ್ರಿ."

"ಹಂಗಾದ್ರ ಕೆಂಪು ಟ್ಯಾಗ್ ಹಚ್ಚು. ಮೇಲ್ ಹಾಕು, ತಿದ್ದಿದ ಫಾರ್ಮ್ ಬರೋತನ ಮುಟ್ಟಬ್ಯಾಡ."

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಟೆಂಪ್ಲೇಟಿನಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ, ವಾಕ್ಯವನ್ನು ಮಾತ್ರ ಪ್ರತಿ ಸಲ ಕೈಯಾರೆ ಸೇರಿಸಬೇಕು. ಮರೆತುಹೋಗುತ್ತದೆ. ಸ್ಟೋರಿನವರು ಪೆನ್ನಿನಲ್ಲಿ ತಾವೇ ಸೇರಿಸುವ ಹಾಗಿಲ್ಲ. ಬಿಡುಗಡೆ ಮಾಡಿದ ವರ್ಕ್‌ಶಾಪೇ ಹೊಸ ಫಾರ್ಮ್ ಕೊಡಬೇಕು, ಅದು ಹಳೆಯದರ ತಿದ್ದುಪಡಿ ಎಂಬ ಉಲ್ಲೇಖವೂ ಅದರಲ್ಲಿರಬೇಕು.

ಬೇರೆ ತಪ್ಪುಗಳೂ ಇವೆ. 11ರಲ್ಲಿ 'ರಿಪೇರಿ' ಎಂದಿದ್ದು ಖರೀದಿ ಆರ್ಡರಿನಲ್ಲಿ 'ಓವರ್‌ಹಾಲ್' ಎಂದಿದ್ದರೆ ಸಾಮಾನು ಎಷ್ಟೇ ಛಲೋ ಇರಲಿ, ಓವರ್‌ಹಾಲ್‌ನಿಂದ ಎಣಿಸುವ ತಾಸಿನ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ. 12ರಲ್ಲಿ ಮೇಂಟೆನೆನ್ಸ್ ಮ್ಯಾನ್ಯುಯಲ್‌ನ ನಂಬರು ಬರೆದು ಯಾವ ರಿವಿಜನ್ ಎಂದು ಬರೆಯದಿದ್ದರೆ ಹಳೆಯ ಮ್ಯಾನ್ಯುಯಲ್‌ನಲ್ಲಿ ಕೆಲಸ ಮಾಡಿದ್ದಾರೋ ಏನೋ ಎಂಬ ಪ್ರಶ್ನೆ ಉಳಿಯುತ್ತದೆ. ಸೀರಿಯಲ್ ನಂಬರಿನಲ್ಲಿ ಸೊನ್ನೆಯೋ 'ಓ' ಅಕ್ಷರವೋ ಎಂಬುದು ಡೇಟಾ ಪ್ಲೇಟಿಗೂ ಹಾಳೆಗೂ ಒಂದೇ ಇರಬೇಕು. ಆಯಸ್ಸಿನ ಮಿತಿ ಇರುವ ಬಿಡಿಭಾಗಕ್ಕೆ ಈ ಹಾಳೆಯೊಂದೇ ಸಾಲದು. ಹುಟ್ಟಿದ ದಿನದಿಂದ ಎಷ್ಟು ತಾಸು, ಎಷ್ಟು ಸೈಕಲ್ (ಒಂದು ಸಲ ಏರಿ ಇಳಿದರೆ ಒಂದು) ಓಡಿದೆ ಎಂಬ ದಾಖಲೆ ಬೇರೆಯೇ ಬರಬೇಕು. ಇನ್ನು ವಿಳಾಸ. 4ರಲ್ಲಿ ಬರೆದ ವಿಳಾಸ ಮಾನ್ಯತಾ ಪ್ರಮಾಣಪತ್ರದಲ್ಲಿ ಇರುವ ಸೈಟ್‌ಗಳಲ್ಲಿ ಒಂದಾಗಿರಬೇಕು. ಅದೇ ಕಂಪನಿ ಪಕ್ಕದ ಊರಿನಲ್ಲಿ ಹೊಸ ಶೆಡ್ ಹಾಕಿ ಕೆಲಸ ಶುರು ಮಾಡಿ, ಪ್ರಮಾಣಪತ್ರದಲ್ಲಿ ಸೇರಿಸಿಕೊಳ್ಳದೆ ಇದ್ದರೆ ಆ ಶೆಡ್ಡಿನ ರಿಲೀಸ್ ನಿಲ್ಲುವುದಿಲ್ಲ.

ಮ್ಯಾಗ್ನೆಟೊವನ್ನೇ ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣ ಇದೆ. ಇಯಾಸಾ ಪದ್ಧತಿಯಲ್ಲಿ, ಅದೇ ಅಚ್ಚಿನ ನಮ್ಮ ವರ್ಕ್‌ಶಾಪ್ ಮಾನ್ಯತೆಯ ನಿಯಮ ಸಿಎಆರ್-145ರಲ್ಲೂ, ಬಿಡಿಭಾಗದ ಕೆಲಸಕ್ಕೆ ಸಿ1ರಿಂದ ಸಿ22ರ ತನಕ ದರ್ಜೆಗಳಿವೆ. ಬ್ಯಾಟರಿ ಸಿ5, ಎಂಜಿನ್ ಬಿಡಿಭಾಗ ಸಿ7, ಚಕ್ರ ಮತ್ತು ಬ್ರೇಕ್ ಸಿ14, ಪ್ರೊಪೆಲರ್ ಸಿ16, ವ್ಯಾಕ್ಯೂಮ್ ಪಂಪ್ ಸಿ17, ಬೆಂಕಿ ನಂದಿಸುವ ಸಿಲಿಂಡರ್ ಸಿ18. ಮ್ಯಾಗ್ನೆಟೊ ಎಂಜಿನ್‌ಗೆ ಸೇರಿದ್ದು, ಅಂದರೆ ಸಿ7. ಎಫ್‌ಎಎಯವರ ವಿಂಗಡಣೆಯ ತಳಹದಿಯೇ ಬೇರೆ: ಏರ್‌ಫ್ರೇಮ್, ಪವರ್‌ಪ್ಲಾಂಟ್, ಪ್ರೊಪೆಲರ್, ರೇಡಿಯೊ, ಇನ್‌ಸ್ಟ್ರುಮೆಂಟ್, ಆಕ್ಸೆಸರಿ. ಅಲ್ಲಿ ಮ್ಯಾಗ್ನೆಟೊ ಎಂಜಿನ್ ಸಾಲಿನಲ್ಲಿ ಇಲ್ಲ, ವಿದ್ಯುತ್ ಉಪಕರಣಗಳ ಆಕ್ಸೆಸರಿ ಎರಡನೇ ವರ್ಗದಲ್ಲಿದೆ. ಒಂದೇ ಸಾಮಾನು, ಒಂದು ಮನೆಯಲ್ಲಿ ಎಂಜಿನ್‌ನ ಮಗು, ಇನ್ನೊಂದು ಮನೆಯಲ್ಲಿ ವಿದ್ಯುತ್ತಿನ ಮಗು. ಡ್ಯುಯಲ್ ರಿಲೀಸ್ ನೋಡುವವರು ಎರಡೂ ಪ್ರಮಾಣಪತ್ರದ ಪಟ್ಟಿಯನ್ನು ಬೇರೆ ಬೇರೆಯಾಗಿ ತೆರೆದು ನೋಡಬೇಕು. ಒಂದರಲ್ಲಿ ಇದೆ, ಆದ್ದರಿಂದ ಇನ್ನೊಂದರಲ್ಲೂ ಇರುತ್ತದೆ ಎಂಬ ಅಂದಾಜು ಇಲ್ಲಿ ನಡೆಯದು. ಪರಸ್ಪರ ಮಾನ್ಯತೆಯ ಬಗ್ಗೆ ಪಾಠ ಹೇಳುವವರು ಒಪ್ಪಂದದ ದಿನಾಂಕಗಳನ್ನು ಹೇಳುತ್ತಾರೆ, ಇದನ್ನು ಹೇಳುವುದು ಕಡಿಮೆ. ಸ್ಟೋರಿನಲ್ಲಿ ಬೇಕಾಗುವುದು ಇದೇ.

ಅಮೆರಿಕ–ಕೆನಡಾ ನಡುವೆ ಈ ತಲೆನೋವು ಬಹಳ ಕಮ್ಮಿ. ಅಮೆರಿಕದ ಫೆಡರಲ್ ನಿಯಮ ಭಾಗ 43ರಲ್ಲಿ 43.17 ಎಂಬ ಒಂದು ಕಲಂ ಇದೆ. ಕೆನಡಾದ ಮಾನ್ಯತೆ ಪಡೆದ ವರ್ಕ್‌ಶಾಪ್‌ಗಳೂ ಲೈಸೆನ್ಸ್ ಇರುವ ಎಂಜಿನಿಯರ್‌ಗಳೂ ಕೆಲವು ಮಿತಿಗಳೊಳಗೆ ಅಮೆರಿಕದ ವಿಮಾನ, ಬಿಡಿಭಾಗಗಳ ಮೇಲೆ ಕೆಲಸ ಮಾಡಿ ಬಿಡುಗಡೆ ಮಾಡಬಹುದು ಎಂದು ಅದು ನೇರವಾಗಿ ಹೇಳುತ್ತದೆ. ಬೇರೆ ಎಫ್‌ಎಎ ಪ್ರಮಾಣಪತ್ರ ಬೇಡ. ಒಪ್ಪಂದದ ಸೌಕರ್ಯವನ್ನು ಪ್ರಮಾಣಪತ್ರದ ಮೇಲೆ ಪ್ರಮಾಣಪತ್ರ ಕೊಟ್ಟು ತೋರಿಸುವ ಬದಲು ಕಾನೂನಿನ ಒಳಗೇ ಬರೆದದ್ದು ಇದರ ದೊಡ್ಡತನ. ಐದು ಅಂಕ ಅದಕ್ಕೇ. ಚೀನಾ ಮುಖ್ಯಭೂಮಿ, ಹಾಂಗ್‌ಕಾಂಗ್, ಮಕಾವ್ ನಿಯಂತ್ರಕರು ಜಂಟಿಯಾಗಿ ನಡೆಸುವ ಏರ್ಪಾಡೂ ಇದೇ ದಾರಿಯದು, ಒಬ್ಬರು ಒಪ್ಪಿದ ವರ್ಕ್‌ಶಾಪನ್ನು ಉಳಿದಿಬ್ಬರು ಒಪ್ಪುತ್ತಾರೆ. ಅದಕ್ಕೂ ನಾಲ್ಕು ಅಂಕ ಸಲ್ಲುತ್ತದೆ.

ಬ್ರಿಟನ್–ಯುರೋಪ್ ಕಥೆ ದುಃಖದ್ದು. 2020ರ ಡಿಸೆಂಬರ್ 31ರ ತನಕ ಬ್ರಿಟನ್ ಇಯಾಸಾದ ಒಳಗೇ ಇತ್ತು, ಅಲ್ಲಿನ ವರ್ಕ್‌ಶಾಪಿನ ಫಾರ್ಮ್ 1 ಯುರೋಪಿನ ಎಲ್ಲ ಕಡೆ ನಡೆಯುತ್ತಿತ್ತು. ಮರುದಿನದಿಂದ ಅದೇ ಶೆಡ್, ಅದೇ ಜನ, ಅದೇ ಉಪಕರಣ ಇಯಾಸಾ ಲೆಕ್ಕದಲ್ಲಿ ಹೊರದೇಶದ ವರ್ಕ್‌ಶಾಪ್ ಆಯಿತು. ಎರಡೂ ಕಡೆಯ ಹೊಸ ವ್ಯಾಪಾರ ಒಪ್ಪಂದದಲ್ಲಿ ವಿಮಾನ ಯೋಗ್ಯತೆಯ ಒಂದು ಅನುಬಂಧ ಇದೆ. ಆದರೆ ಅದು ವಿನ್ಯಾಸ ಮತ್ತು ತಯಾರಿಕೆಗೆ ಸಂಬಂಧಿಸಿದ್ದು, ಅಂದರೆ ಹಾಳೆಯ ಎಡಗಡೆಗೆ. ಬಲಗಡೆಗೆ ಏನೂ ಇಲ್ಲ. ಬ್ರಿಟಿಷ್ ವರ್ಕ್‌ಶಾಪ್‌ಗಳು ಯುರೋಪಿನ ಗಿರಾಕಿ ಉಳಿಸಿಕೊಳ್ಳಲು ಬೇರೆಯಾಗಿ ಇಯಾಸಾ ಹೊರದೇಶ ಮಾನ್ಯತೆ ತೆಗೆದುಕೊಳ್ಳಬೇಕಾಯಿತು. ಎಡಗಡೆ ಇದೆ ಎಂದು ಬಲಗಡೆಯೂ ಇದೆ ಅಂದುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ನಮ್ಮ ಸ್ಥಿತಿಯೂ ಹತ್ತಿರ ಹತ್ತಿರ ಹೀಗೇ. ಭಾರತ–ಅಮೆರಿಕ ವಿಮಾನಯಾನ ಸುರಕ್ಷತಾ ಒಪ್ಪಂದಕ್ಕೆ 2011ರ ಜುಲೈನಲ್ಲಿ ಸಹಿ ಬಿತ್ತು. ಅದು ತಯಾರಿಕೆ, ವಿನ್ಯಾಸದ ಒಪ್ಪಿಗೆಗಳ ಕಡೆಗಿರುವುದು. ಮತ್ತೆ ಎಡಗಡೆ. ಭಾರತದ ರಿಪೇರಿ ವರ್ಕ್‌ಶಾಪನ್ನು ನಮ್ಮ ನಿಯಂತ್ರಕ ಡಿಜಿಸಿಎಯ ಆಡಿಟ್ ಮೇಲೆಯೇ ಎಫ್‌ಎಎ ಒಪ್ಪಿಕೊಳ್ಳುವ ಮೇಂಟೆನೆನ್ಸ್ ಏರ್ಪಾಡು ಅದರಲ್ಲಿಲ್ಲ. ಯುರೋಪಿನ ಜೊತೆಗೂ ಅಂಥದ್ದಿಲ್ಲ. ನಮ್ಮ ಸಿಎಆರ್-145 ಇಯಾಸಾ ಪಾರ್ಟ್-145ರ ಅಚ್ಚಿನಲ್ಲೇ ಇದೆ, ಕಲಂಗಳ ನಂಬರು ಕೂಡ ಹೊಂದುತ್ತವೆ. ಕಾನೂನು ಇಷ್ಟು ಹತ್ತಿರ ಇದ್ದೂ ಮಾನ್ಯತೆ ದೂರ ಇರುವುದು ನಿಜಕ್ಕೂ ನೋವಿನ ಸಂಗತಿ. ಮಾನ್ಯತೆ ಎಂಬುದು ವರ್ಕ್‌ಶಾಪಿನ ಮೇಲಿನ ನಂಬಿಕೆಗಿಂತ ಮೊದಲು ಅದನ್ನು ನೋಡಿಕೊಳ್ಳುವ ನಿಯಂತ್ರಕನ ಮೇಲಿನ ನಂಬಿಕೆ. 2014ರ ಜನವರಿ 31ರಂದು ಎಫ್‌ಎಎ ಭಾರತದ ಸುರಕ್ಷತಾ ಮೇಲ್ವಿಚಾರಣೆಯನ್ನು ಎರಡನೇ ದರ್ಜೆಗೆ ಇಳಿಸಿತ್ತು, 2015ರ ಏಪ್ರಿಲ್ 8ರಂದು ಮೊದಲ ದರ್ಜೆ ಮರಳಿ ಬಂತು. ಆ ಅಳತೆ ಹಾಕಿದ್ದು ಯಾವ ಏರ್‌ಲೈನಿಗೂ ಅಲ್ಲ, ಡಿಜಿಸಿಎಗೆ: ಇನ್‌ಸ್ಪೆಕ್ಟರ್‌ಗಳು ಎಷ್ಟಿದ್ದಾರೆ, ಅವರ ತರಬೇತಿ ಏನು, ನಿಗಾ ಎಷ್ಟು ಬಿಗಿ. ಬಲಗಡೆಯ ಒಪ್ಪಂದಕ್ಕೆ ಕೂತಾಗಲೂ ಎದುರಿನವರು ಕೇಳುವುದು ಇವೇ ಪ್ರಶ್ನೆಗಳನ್ನು. ಸದ್ಯಕ್ಕೆ ಈ ಸೇವೆಯೇ ನಮ್ಮ ವರ್ಕ್‌ಶಾಪ್‌ಗಳಿಗೆ ಲಭ್ಯವಿಲ್ಲವಾದ್ದರಿಂದ ಅಂಕ ಕೊಡುವ ಪ್ರಶ್ನೆ ಬರುವುದಿಲ್ಲ.

ಇದರ ಬೆಲೆ ತೆರುವವರು ಯಾರು? ಬೀದರಿನಿಂದ ಸುಮಾರು 140 ಕಿ.ಮೀ. ದೂರದ ಹೈದರಾಬಾದನ್ನು ನೋಡಿ. ಶಂಷಾಬಾದಿನ ಜಿಎಂಆರ್ ಏರೋ ಟೆಕ್ನಿಕ್ ಡಿಜಿಸಿಎ, ಇಯಾಸಾ, ಎಫ್‌ಎಎ ಮೂರೂ ಮಾನ್ಯತೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. 2025ರ ನವೆಂಬರ್‌ನಲ್ಲಿ ಅದೇ ವಿಮಾನ ನಿಲ್ದಾಣದ ಆವರಣದಲ್ಲಿ ಫ್ರಾನ್ಸಿನ ಸಫ್ರಾನ್ ಕಂಪನಿಯ ಲೀಪ್ ಎಂಜಿನ್ ರಿಪೇರಿ ಕೇಂದ್ರ ಉದ್ಘಾಟನೆಯಾಯಿತು. ಇಂಥ ದೊಡ್ಡವರಿಗೆ ಮೂರು ಆಡಿಟ್, ಮೂರು ಶುಲ್ಕ ತಾಳುತ್ತವೆ. ಹತ್ತು ಹನ್ನೆರಡು ಜನರ ಬ್ಯಾಟರಿ ಶಾಪ್‌ಗೆ ತಾಳುವುದಿಲ್ಲ. ಲೀಸ್ ಮೇಲೆ ತಂದ ವಿಮಾನ ಹಾರಿಸುವವರಿಗೂ ಇದು ತಟ್ಟುತ್ತದೆ. ವಿಮಾನ ವಾಪಸು ಕೊಡುವಾಗ ಮಾಲೀಕರು ಬಿಡಿಭಾಗಗಳಿಗೆ ಎಫ್‌ಎಎ ಅಥವಾ ಇಯಾಸಾ ರಿಲೀಸ್ ಕೇಳುವುದು ರೂಢಿ, ಯಾಕೆಂದರೆ ಆ ವಿಮಾನ ಮುಂದೆ ಯಾವ ದೇಶಕ್ಕೆ ಹೋಗುತ್ತದೋ ಗೊತ್ತಿರುವುದಿಲ್ಲ. ಸಿಎ ಫಾರ್ಮ್ 1 ಮಾತ್ರ ಇರುವ ಚಕ್ರ ಎಷ್ಟು ಚೆನ್ನಾಗಿ ರಿಪೇರಿಯಾಗಿದ್ದರೂ ಆ ದಿನ ಬದಲಿಸಿ ಕೊಡಬೇಕಾಗುತ್ತದೆ. ಹಾಗಾಗಿ ಏರ್‌ಲೈನ್‌ಗಳು ಮೊದಲಿಂದಲೇ ಮೂರು ಮಾನ್ಯತೆಯ ಶಾಪ್ ಹುಡುಕುತ್ತವೆ, ಸಣ್ಣವರಿಗೆ ಕೆಲಸ ಬರುವುದಿಲ್ಲ. ಬೀದರಿನ ವಾಯುನೆಲೆಯ ಮೇಲೆ ಹಾರುವ ಹಾಕ್ ವಿಮಾನಗಳಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಸೇನಾ ವಿಮಾನಗಳ ಯೋಗ್ಯತೆಯ ವ್ಯವಸ್ಥೆಯೇ ಬೇರೆ.

ತೆರಿಗೆ ಕಡೆಯಿಂದ ದಾರಿ ಸ್ವಲ್ಪ ಹಸನಾಗಿದೆ ಅನ್ನಬೇಕು. ರಿಪೇರಿ ಸೇವೆಯ ಜಿಎಸ್‌ಟಿ 2020ರ ಏಪ್ರಿಲ್ 1ರಿಂದ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಬಿಡಿಭಾಗಗಳ ಆಮದಿಗೆ 2024ರ ಜುಲೈ 15ರಿಂದ ಒಂದೇ ದರ, ಶೇ 5 ಐಜಿಎಸ್‌ಟಿ. ರಿಪೇರಿಗೆಂದು ತರಿಸಿದ ಸಾಮಾನನ್ನು ಮರಳಿ ಕಳಿಸುವ ಅವಧಿ ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿದ್ದೂ ಅದೇ ವರ್ಷದ ಬಜೆಟ್‌ನಲ್ಲಿ. ತೆರಿಗೆ ತಗ್ಗಿದೆ, ಕಾಗದದ ಗಡಿ ಹಾಗೇ ಉಳಿದಿದೆ.

ಹಾಗಾದರೆ ಕಲಬುರಗಿ ಕಡೆ ಬಿಡಿಭಾಗದ ವರ್ಕ್‌ಶಾಪ್ ತೆರೆಯಬೇಕೆಂದಿರುವವರು ಏನು ಮಾಡಬೇಕು? ಮೊದಲು ಡಿಜಿಸಿಎಯ ಸಿಎಆರ್-145 ಒಂದನ್ನೇ ಹಿಡಿಯಿರಿ, ಸಿ5 ಮತ್ತು ಸಿ14 ದರ್ಜೆಗೆ. ಬ್ಯಾಟರಿ ಮತ್ತು ಚಕ್ರ. ತರಬೇತಿ ವಿಮಾನಗಳು ದಿನಕ್ಕೆ ಹಲವು ಸಲ ಇಳಿಯುತ್ತವೆ, ಟೈರ್ ಬ್ರೇಕ್ ಬೇಗ ಸವೆಯುತ್ತವೆ, ಕೆಲಸ ತಪ್ಪುವುದಿಲ್ಲ. ಬ್ಯಾಟರಿಗೆ ಎರಡು ಪ್ರತ್ಯೇಕ ಕೋಣೆ ಬೇಕು: ಲೆಡ್ ಆಸಿಡ್‌ಗೆ ಒಂದು, ನಿಕ್ಕಲ್ ಕ್ಯಾಡ್ಮಿಯಂಗೆ ಒಂದು. ಗಾಳಿ ಆಡುವ ವ್ಯವಸ್ಥೆ, ಹೈಡ್ರೋಮೀಟರ್, ಸಿರಿಂಜ್, ಪಾನಾ (ಸ್ಪ್ಯಾನರ್), ಏಪ್ರನ್ ಎಲ್ಲವೂ ಎರಡೆರಡು. ಒಂದರ ಆಮ್ಲದ ಹನಿ ಇನ್ನೊಂದರ ಕ್ಷಾರಕ್ಕೆ ಬಿದ್ದರೆ ಸೆಲ್ ಕೆಡುತ್ತದೆ, ಆವಿ ಸೇರಿದರೂ ಕೆಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಚಾರ್ಜ್ ಹಾಕಿದರೆ ಸೆಲ್ ಕಾವು ಮ್ಯಾನ್ಯುಯಲ್ ಹೇಳಿದ ಮಿತಿ ದಾಟುತ್ತದೆ, ಕೆಪ್ಯಾಸಿಟಿ ಪರೀಕ್ಷೆಯ ಅಂಕಿ ನಂಬುವ ಹಾಗಿರುವುದಿಲ್ಲ. ಚಕ್ರದ ಶಾಪ್‌ಗೆ ಶತ್ರು ಧೂಳು. ಸೇಡಂ, ವಾಡಿ, ಶಹಾಬಾದ್ ಕಡೆಯ ಸಿಮೆಂಟು, ಫರ್ಸಿ ಕಲ್ಲಿನ ಧೂಳು ಎಷ್ಟು ನಯ ಅನ್ನುವುದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೇರಿಂಗ್ ತೊಳೆದು ಗ್ರೀಸ್ ತುಂಬುವ ಕೋಣೆಯನ್ನು ಬಾಗಿಲು ಎರಡಿಟ್ಟು ಮುಚ್ಚಿಕೊಳ್ಳಬೇಕು. ಟೈರಿಗೆ ನೈಟ್ರೋಜನ್, ಸುತ್ತ ಕಬ್ಬಿಣದ ಪಂಜರ. ಟೈ ಬೋಲ್ಟ್ ಮತ್ತು ರಿಮ್ಮಿನ ಬಿರುಕು ಪರೀಕ್ಷೆ ಬೇರೆಯೇ ಪರಿಣತಿ, ಡಿ1 ದರ್ಜೆ. ಅದನ್ನು ಸ್ವಂತ ಮಾಡುವ ಆತುರ ಬೇಡ, ಮಾನ್ಯತೆ ಇರುವವರಿಗೆ ಕೊಟ್ಟು ಮಾಡಿಸಿ.

ಇಯಾಸಾ ಎರಡನೇ ಮೆಟ್ಟಿಲು. ಎಂಒಇಯ ಹಂದರ ಒಂದೇ ಇರುವುದರಿಂದ ಬರವಣಿಗೆಯ ಕೆಲಸ ಅರ್ಧ ಮುಗಿದಿರುತ್ತದೆ. ಒಂದು ವಿಷಯದಲ್ಲಿ ಮಾತ್ರ ಹುಷಾರು. ಯುರೋಪಿನ 2021/1963 ನಿಯಮದ ಮೂಲಕ ಪಾರ್ಟ್-145ಕ್ಕೆ ಸುರಕ್ಷತಾ ನಿರ್ವಹಣಾ ಪದ್ಧತಿ ಸೇರಿತು, ಅದರ ಹೊಂದಾಣಿಕೆ ಅವಧಿ 2024ರ ಡಿಸೆಂಬರ್ 2ಕ್ಕೆ ಮುಗಿದಿದೆ. ಹಳೆಯ ಮಾದರಿ ಎಂಒಇ ಎಲ್ಲಿಂದಲಾದರೂ ತಂದು ಕೊಟ್ಟರೆ ಮೊದಲ ದಿನವೇ ವಾಪಸು ಬರುತ್ತದೆ.

ಎಫ್‌ಎಎಯನ್ನು ಕೊನೆಗೆ ಇಟ್ಟುಕೊಳ್ಳಿ. ಅಮೆರಿಕದ ಹೊರಗಿನವರಿಗೆ ಅದರ ನಿಯಮ ಬಿಗಿ. ಅಮೆರಿಕದಲ್ಲಿ ನೋಂದಣಿಯಾದ ವಿಮಾನಕ್ಕೋ ಅದರ ಬಿಡಿಭಾಗಕ್ಕೋ ನಿಮ್ಮ ಕೆಲಸ ಬೇಕಾಗಿದೆ ಎಂದು ಮೊದಲು ತೋರಿಸಬೇಕು. ಅಂಥ ಗಿರಾಕಿಯ ಪತ್ರ ಕೈಯಲ್ಲಿ ಇಲ್ಲದೆ ಅರ್ಜಿ ಹಾಕಿ ಪ್ರಯೋಜನವಿಲ್ಲ. ಕೈಪಿಡಿಯೂ ಬೇರೆ, ರಿಪೇರಿ ಸ್ಟೇಷನ್ ಮ್ಯಾನ್ಯುಯಲ್ ಒಂದು, ಕ್ವಾಲಿಟಿ ಕಂಟ್ರೋಲ್ ಮ್ಯಾನ್ಯುಯಲ್ ಇನ್ನೊಂದು. ಡಿ1 ಕೆಲಸ ಹೊರಗೆ ಕೊಟ್ಟಿದ್ದರೆ ಅದು ಎಫ್‌ಎಎ ಒಪ್ಪಿದ ಪಟ್ಟಿಯಲ್ಲಿ ಇರಬೇಕು. ಅಮೆರಿಕದ ಒಳಗಿನ ಸ್ಟೇಷನ್‌ಗೆ ಪ್ರಮಾಣಪತ್ರ ಬಿಟ್ಟುಕೊಡುವ ತನಕ ಜೀವಂತ. ಹೊರಗಿನವರಿಗೆ ಮೊದಲ ಸಲ 12 ತಿಂಗಳು, ಆಮೇಲೆ ಹೆಚ್ಚೆಂದರೆ 24 ತಿಂಗಳು, ನವೀಕರಣದ ಅರ್ಜಿ ಮುಗಿಯುವ 30 ದಿನ ಮೊದಲೇ ಹೋಗಬೇಕು. ಈ ತಾರೀಖು ತಪ್ಪಿದರೆ ಪ್ರಮಾಣಪತ್ರ ಸತ್ತ ದಿನದಿಂದ ಬರೆದ ಡ್ಯುಯಲ್ ರಿಲೀಸ್ ಎಲ್ಲ ವ್ಯರ್ಥ. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಇನ್ನೊಂದು ನಿಯಮವೂ ತಲೆಯಲ್ಲಿರಲಿ: ಅಮೆರಿಕದ ಏರ್‌ಲೈನ್ ವಿಮಾನಗಳ ಮೇಲೆ ಕೆಲಸ ಮಾಡುವ ಹೊರದೇಶದ ಸ್ಟೇಷನ್ ಸಿಬ್ಬಂದಿಗೆ 2027ರ ಡಿಸೆಂಬರ್‌ನೊಳಗೆ ಮಾದಕ ವಸ್ತು, ಮದ್ಯ ಪರೀಕ್ಷೆಯ ವ್ಯವಸ್ಥೆ ಮಾಡಬೇಕು.

ಮತ್ತೆ ಸ್ಟೋರಿನ ಮೇಜಿಗೆ ಬರೋಣ. ಹಾಳೆ ಎಲ್ಲ ರೀತಿ ಸರಿ ಕಂಡರೂ ಒಂದು ಹೆಜ್ಜೆ ಉಳಿದಿರುತ್ತದೆ. 2023ರಲ್ಲಿ ಲಂಡನ್ನಿನ ಒಂದು ವ್ಯಾಪಾರಿ ಸಂಸ್ಥೆ ಸಿಎಫ್‌ಎಂ56 ಎಂಜಿನ್‌ನ ಬಿಡಿಭಾಗಗಳನ್ನು ಖೋಟಾ ರಿಲೀಸ್ ಕಾಗದಗಳ ಜೊತೆ ಮಾರಿದ್ದು ಬಯಲಾಯಿತು. ಹಾಳೆ ನೋಡಲು ಅಸಲಿನ ಹಾಗೇ ಇತ್ತು. ಪೋರ್ಚುಗಲ್‌ನ ಏರ್‌ಲೈನ್ ವರ್ಕ್‌ಶಾಪಿನವರು ಸಂಶಯ ಬಂದು ಆ ಕಾಗದವನ್ನು ಕೊಟ್ಟವರೆಂದು ಹೆಸರಿದ್ದ ತಯಾರಕರಿಗೇ ಕಳಿಸಿ ಕೇಳಿದಾಗ ಗುಟ್ಟು ಹೊರಬಿತ್ತು. ಆದ್ದರಿಂದ ಹೊಸ ಮಾರಾಟಗಾರರಿಂದ ಬಂದ ಮೊದಲ ಸರಕಿಗೆ ಫಾರ್ಮ್ ನಂಬರು, ಸೀರಿಯಲ್ ನಂಬರು ಹಾಕಿ 4ರಲ್ಲಿರುವ ಸಂಸ್ಥೆಗೆ ನೇರ ಮೇಲ್ ಮಾಡಿ. ಮೇಲ್ ವಿಳಾಸವನ್ನು ಹಾಳೆಯಿಂದ ತೆಗೆದುಕೊಳ್ಳಬೇಡಿ, ನಿಯಂತ್ರಕರ ಮಾನ್ಯತಾ ಪಟ್ಟಿಯಲ್ಲಿ ಆ ಸಂಸ್ಥೆಯನ್ನು ಹುಡುಕಿ ಅಲ್ಲಿಂದ ಮುಂದೆ ಹೋಗಿ.

ಯಾವ ಯಾವ ದೇಶದ ರಿಲೀಸನ್ನು ನಿಮ್ಮ ಸಂಸ್ಥೆ ಒಪ್ಪಬಹುದು ಅನ್ನುವುದು ನಿಮ್ಮದೇ ಎಂಒಇಯ 2.2ರಲ್ಲಿ, ಡಿಜಿಸಿಎ ಒಪ್ಪಿದ ಮಾತುಗಳಲ್ಲಿ ಇರುತ್ತದೆ. ಅದರಾಚೆ ಯಾರು ಫೋನಿನಲ್ಲಿ ಎಷ್ಟು ಭರವಸೆ ಕೊಟ್ಟರೂ ಹೆಜ್ಜೆ ಇಡಬೇಡಿ. ಖರೀದಿ ಆರ್ಡರ್ ಕಳಿಸುವ ಮುನ್ನ ಆ ಪುಟ ತೆರೆದಿಟ್ಟುಕೊಂಡು ಆರ್ಡರಿನ ಕೆಳಗೆ ಇಷ್ಟು ಬರೆಯಿರಿ: ಕೆಲಸ ಓವರ್‌ಹಾಲ್ ಆಗಿರಬೇಕು, 11ರಲ್ಲಿ ಅದೇ ಪದ ಇರಬೇಕು, 14ಎಯಲ್ಲಿ ಎರಡೂ ಟಿಕ್ ಇರಬೇಕು, 12ರಲ್ಲಿ ಎರಡನೇ ನಿಯಂತ್ರಕನ ಪೂರ್ತಿ ವಾಕ್ಯ, ಮಾನ್ಯತೆಯ ನಂಬರು, ಮ್ಯಾನ್ಯುಯಲ್ ರಿವಿಜನ್ ಇರಬೇಕು, ಸಾಮಾನು ಹೊರಡುವ ಮೊದಲು ಫಾರ್ಮಿನ ಸ್ಕ್ಯಾನ್ ಪ್ರತಿ ಮೇಲ್‌ಗೆ ಬರಬೇಕು, ನಮ್ಮ ಒಪ್ಪಿಗೆ ಬಂದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು.